ಮನೆಗಂದಾಯದ ಐದು ಪೈಸೆ

ಗ್ರಾಮ ಪಂಚಾಯಿತಿಗೆ ಕಂದಾಯ ಕಟ್ಟಿ ತಂದ ರಸೀದಿಯನ್ನು ಒಮ್ಮೆ ಸಾವಧಾನವಾಗಿ ಓದಿ. ತೆರಿಗೆಯ ಮೊತ್ತದ ಕೆಳಗೆ ನಾಲ್ಕು ಕರಗಳಿರುತ್ತವೆ: ಆರೋಗ್ಯ ಶೇ 15, ಶಿಕ್ಷಣ ಶೇ 10, ಗ್ರಂಥಾಲಯ ಶೇ 6, ಭಿಕ್ಷುಕರ ಕರ ಶೇ 3. ಸಾವಿರ ರೂಪಾಯಿ ಕಂದಾಯದ ಮನೆಯವರು ಅದರ ಮೇಲೆ ಅರವತ್ತು ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಡುತ್ತಾರೆ. ತಲಪಾಡಿ ದಾಟಿದರೆ ಸಿಗುವ ಕಾಸರಗೋಡಿನ ಪಂಚಾಯಿತಿಗಳೂ ಇಂಥದ್ದೇ ಕರ ವಸೂಲು ಮಾಡುತ್ತವೆ. ಅಲ್ಲಿ ಅದು ಶೇ 5. ನಮಗಿಂತ ಕಡಿಮೆ ಕಟ್ಟುವ ಆ ಊರುಗಳಲ್ಲಿ ಗ್ರಂಥಾಲಯ ಊರವರದ್ದೇ ಆಗಿರುತ್ತದೆ. ಅದನ್ನು ನಡೆಸುವ ಸಮಿತಿಯನ್ನು ಓದುಗ ಸದಸ್ಯರು ಮತ ಹಾಕಿ ಆರಿಸುತ್ತಾರೆ. ಸರ್ಕಾರಿ ದುಡ್ಡು ಆ ಸಮಿತಿಗೆ ಅನುದಾನವಾಗಿ ಬರುತ್ತದೆ.

ಇದು ಒಂದು ದಿನದಲ್ಲಿ ಆದದ್ದಲ್ಲ. 1945ರ ಸೆಪ್ಟೆಂಬರ್ 14ರಂದು ತಿರುವಾಂಕೂರು ಸಂಸ್ಥಾನದ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳ ಪ್ರತಿನಿಧಿಗಳು ಸೇರಿ ಒಂದು ಸಂಘ ಕಟ್ಟಿದರು. ಮುಂದೆ ನಿಂತವರು ಶಾಲಾ ಮೇಷ್ಟ್ರಾಗಿದ್ದ ಪಿ.ಎನ್. ಪಣಿಕ್ಕರ್. ಊರೂರು ಸುತ್ತಿ, ಎಲ್ಲೆಲ್ಲಿ ನಾಲ್ಕು ಜನ ಪತ್ರಿಕೆ ಓದಲು ಕೂಡುತ್ತಾರೋ ಅಲ್ಲೆಲ್ಲ ಒಂದು ಗ್ರಂಥಾಲಯ ಎಬ್ಬಿಸಿದರು. ಸಾಕ್ಷರತೆಗಾಗಿ ಈ ಸಂಘ ಮಾಡಿದ ಕೆಲಸಕ್ಕೆ 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯ ಪ್ರಶಸ್ತಿ ಬಂತು. ಎರಡೇ ವರ್ಷಕ್ಕೆ, 1977ರಲ್ಲಿ, ಸರ್ಕಾರ ಸಂಘದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮುಂದಿನ ಹಲವು ವರ್ಷ ನೇಮಕಗೊಂಡ ನಿಯಂತ್ರಣ ಮಂಡಳಿಯದ್ದೇ ಆಡಳಿತ. ಕೇರಳದ ಗ್ರಂಥಾಲಯದವರು ಅಧಿಕಾರ ಮರಳಿ ಊರಿಗೆ ಬರಬೇಕೆಂದು ಹಟ ಹಿಡಿದರು. 1989ರ ಕಾಯ್ದೆ ಬಂದದ್ದು ಹಾಗೆ.

ಆ ಕಾಯ್ದೆಯ ಲೆಕ್ಕಾಚಾರ ನನಗೆ ಬಹಳ ಮೆಚ್ಚುಗೆಯಾದದ್ದು. ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ ಐದು ಪೈಸೆಯನ್ನು ಸ್ಥಳೀಯ ಸಂಸ್ಥೆಗಳು ವಸೂಲು ಮಾಡಬೇಕು. ಶಿಕ್ಷಣಕ್ಕೆಂದು ಬಜೆಟ್ಟಿನಲ್ಲಿ ಇಡುವ ಹಣದಲ್ಲಿ ಶೇ 1ಕ್ಕೆ ಕಡಿಮೆಯಾಗದಂತೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಬೇಕು. ಈ ಹಣ ಹಂಚುವುದು ರಾಜ್ಯ ಗ್ರಂಥಾಲಯ ಕೌನ್ಸಿಲ್. ಅದರ ಕೆಳಗೆ ಜಿಲ್ಲಾ ಕೌನ್ಸಿಲ್, ತಾಲೂಕು ಯೂನಿಯನ್, ಬುಡದಲ್ಲಿ ಊರ ಗ್ರಂಥಾಲಯ. ಮೇಲಿನ ಹಂತಗಳಿಗೂ ಕೆಳಗಿನ ಗ್ರಂಥಾಲಯಗಳೇ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತವೆ. ಈಗ ಎಂಟು ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಈ ಜಾಲದಲ್ಲಿವೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಗ್ರಂಥಾಲಯಗಳೂ ಅದರಲ್ಲಿ ಸೇರಿವೆ.

ಅನುದಾನ ಎಷ್ಟು ಎಂಬುದನ್ನು ಗ್ರೇಡ್ ತೀರ್ಮಾನಿಸುತ್ತದೆ. ಪರಿಶೀಲನೆಗೆ ಬಂದವರ ಮುಂದೆ ಕಾರ್ಯದರ್ಶಿ ಪುಸ್ತಕಗಳ ದಾಸ್ತಾನು ವಹಿ, ಎರವಲು ವಹಿ, ಸದಸ್ಯರ ಪಟ್ಟಿ, ನಗದು ಪುಸ್ತಕ, ಸಭೆಯ ನಡಾವಳಿ ಎಲ್ಲವನ್ನೂ ಹರವಿಡಬೇಕು. ವರ್ಷದಲ್ಲಿ ಎಷ್ಟು ಪುಸ್ತಕ ಓದುಗರ ಕೈಗೆ ಹೋಯಿತು, ಮಕ್ಕಳ ಬಾಲವೇದಿ ನಡೆಯುತ್ತಿದೆಯೇ, ಮಹಿಳೆಯರ ವೇದಿಕೆ ಇದೆಯೇ, ಹೊರಬರಲಾಗದ ಮಹಿಳೆಯರಿಗೂ ವೃದ್ಧರಿಗೂ ಮನೆಬಾಗಿಲಿಗೆ ಪುಸ್ತಕ ತಲುಪುತ್ತಿದೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಉತ್ತರಗಳೆಲ್ಲ ಸೇರಿ ಎ ಪ್ಲಸ್, ಎ, ಬಿ ಎಂದು ಗ್ರೇಡ್ ಆಗುತ್ತದೆ. ಶಾಸಕರ ಮನೆ ಮುಂದೆ ಕಾಯುವ ಅಗತ್ಯ ಇಲ್ಲಿ ಬರುವುದಿಲ್ಲ.

ಹಣ ಬಂದಮೇಲೆ ಜಿಲ್ಲಾ ಕೌನ್ಸಿಲ್ ನಡೆಸುವ ಪುಸ್ತಕೋತ್ಸವಕ್ಕೆ ಸಮಿತಿಯವರು ಚೀಲ ಹಿಡಿದು ಹೋಗುತ್ತಾರೆ. ತಮ್ಮೂರಿನ ಓದುಗರು ಏನು ಕೇಳುತ್ತಾರೆಂಬುದು ಅವರಿಗೆ ಬಾಯಿಪಾಠ. ಅದಕ್ಕೆ ತಕ್ಕಂತೆ ಮಳಿಗೆಯಿಂದ ಮಳಿಗೆಗೆ ಅಲೆದು, ರಿಯಾಯಿತಿ ಕೇಳಿ, ಕಟ್ಟು ಕಟ್ಟಿಸಿಕೊಂಡು ಬರುತ್ತಾರೆ. ಕಟ್ಟಡ, ಪೀಠೋಪಕರಣ, ಕಂಪ್ಯೂಟರ್‌ನಂಥ ದೊಡ್ಡ ಖರ್ಚಿಗೆ ಪಂಚಾಯಿತಿಯ ಯೋಜನಾ ನಿಧಿಯಲ್ಲೂ ಪಾಲು ಕೇಳಬಹುದು.

ದೋಷಗಳು ಅಲ್ಲೂ ಇವೆ. ಕೌನ್ಸಿಲ್ ಚುನಾವಣೆಯಲ್ಲಿ ಪಕ್ಷ ರಾಜಕೀಯ ಢಾಳಾಗಿಯೇ ಕಾಣುತ್ತದೆ. ಗ್ರಂಥಪಾಲಕರ ಗೌರವಧನ ತೀರಾ ಕಡಿಮೆ. ಸಂಜೆ ಬಾಗಿಲು ತೆರೆದು ರಾತ್ರಿ ಮುಚ್ಚುವ ಆ ಕೆಲಸ ಸೇವಾಭಾವದ ಮೇಲೆ ನಡೆಯುತ್ತಿದೆ. ಗ್ರೇಡಿನ ಆಸೆಗೆ ವಹಿಯನ್ನು ಮಾತ್ರ ಚೆಂದ ಇಡುವ ಅಪಾಯವೂ ಇದ್ದದ್ದೇ. ಆದರೂ ಲೆಕ್ಕ ಕೇಳುವ ಹಕ್ಕು ಊರಿನ ಸದಸ್ಯರಿಗಿದೆ, ಕೆಲಸ ಮಾಡದ ಸಮಿತಿಯನ್ನು ಇಳಿಸಲೂ ಅವರಿಗೆ ದಾರಿಯಿದೆ.

ನಮ್ಮಲ್ಲಿ ಈ ದಾರಿ ಇಲ್ಲ. ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ, ಕೇರಳಕ್ಕಿಂತ ಬಹಳ ಮೊದಲು. ಕಾಯ್ದೆಯ ಪ್ರಕಾರ ನಗರಕ್ಕೂ ಜಿಲ್ಲೆಗೂ ಗ್ರಂಥಾಲಯ ಪ್ರಾಧಿಕಾರಗಳಿವೆ. ಆದರೆ ಗ್ರಂಥಾಲಯ ನಡೆಸುವುದು ಇಲಾಖೆ. ಪುಸ್ತಕ ಆರಿಸುವುದು ಬೆಂಗಳೂರಿನ ಆಯ್ಕೆ ಸಮಿತಿ, ತಲುಪಿಸುವುದು ಸಗಟು ಖರೀದಿ. ಆ ಖರೀದಿ ವರ್ಷಗಟ್ಟಲೆ ತಡವಾಗಿ ಪ್ರಕಾಶಕರು ಅಲವತ್ತುಕೊಂಡದ್ದನ್ನು ಕನ್ನಡದ ಓದುಗರೆಲ್ಲ ಬಲ್ಲರು. ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆ ಜನ ಕಟ್ಟಿದ ಗ್ರಂಥಾಲಯ ಕರದಲ್ಲೇ ನೂರಾರು ಕೋಟಿ ರೂಪಾಯಿ ಇಲಾಖೆಗೆ ಸಲ್ಲದೆ ಬಾಕಿ ಉಳಿದದ್ದೂ ಗುಟ್ಟಾಗಿ ಉಳಿದಿಲ್ಲ. ಓದುಗ ಕೊಟ್ಟ ದುಡ್ಡಿಗೆ ಓದುಗನೇ ಅನ್ಯನಾಗಿರುವುದು ನನಗೆ ನೋವಿನ ಸಂಗತಿ.

2019ರಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಅರಿವು ಕೇಂದ್ರ ಎಂಬ ಹೊಸ ಹೆಸರಿನ ಜೊತೆ ಅನೇಕ ಕಡೆ ಸುಣ್ಣಬಣ್ಣ, ಕಂಪ್ಯೂಟರ್, ಮಕ್ಕಳ ಮೂಲೆ ಬಂದವು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಇದನ್ನು ಮನಸಾರೆ ಮೆಚ್ಚಬೇಕು. ಹಾಗಿದ್ದೂ ಮೇಲ್ವಿಚಾರಕರು ಒಳ್ಳೆಯವರಾದರೆ ಅರಿವು ಕೇಂದ್ರ ಬೆಳಗುತ್ತದೆ, ಇಲ್ಲವಾದರೆ ಬೀಗ. ಬೀಗ ಬಿದ್ದಾಗ ಒಟ್ಟಾಗಿ ಪ್ರಶ್ನಿಸಲು ಓದುಗರ ಚುನಾಯಿತ ಸಮಿತಿ ಎಂಬುದೇ ಇಲ್ಲ.

ಸಮಿತಿ ನಡೆಸಬಲ್ಲ ಜನ ನಮ್ಮಲ್ಲೂ ಇದ್ದಾರೆ. ಕರಾವಳಿಯ ಯುವಕ ಮಂಡಲ, ಮಹಿಳಾ ಮಂಡಲಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿ, ಮಹಾಸಭೆ ನಡೆಸಿ, ಲೆಕ್ಕಪತ್ರ ಒಪ್ಪಿಸುವ ಅಭ್ಯಾಸ ಇಟ್ಟುಕೊಂಡಿವೆ. ಎಷ್ಟೋ ಕಡೆ ಸ್ವಂತ ಕಟ್ಟಡವೂ ಇದೆ. ಅನುದಾನ ಬೇಕಾದಾಗ ಮಾತ್ರ ಅವರು ಶಾಸಕರಿಗೆ ಮನವಿ ಬರೆದು ಕಾಯುತ್ತಾರೆ. 1965ರ ಕಾಯ್ದೆಗೆ ತಿದ್ದುಪಡಿ ತಂದು ಆಯಾ ಪಂಚಾಯಿತಿಯ ಗ್ರಂಥಾಲಯ ಕರದಲ್ಲಿ ಒಂದು ಪಾಲನ್ನು, ಪರಿಶೀಲನೆ ಮತ್ತು ಗ್ರೇಡಿನ ಶರತ್ತಿನ ಮೇಲೆ, ಇಂಥ ಸಂಘಗಳಿಗೆ ಕೊಡಬಹುದು. ಮೊದಲಿಗೆ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ತಾಲೂಕಿಗೆ ಹತ್ತು ಸಂಘಗಳನ್ನು ಆರಿಸಿಕೊಂಡು ನೋಡಲಿ. ಸಂಘಗಳು ಅಲ್ಲಿ ಸಿದ್ಧವಾಗಿವೆ, ಕರವನ್ನು ಜನ ಪ್ರತಿವರ್ಷ ಕಟ್ಟುತ್ತಲೇ ಇದ್ದಾರೆ.