ಅಮರ ಚಿತ್ರಕಥೆಯ ಮಹಾಭಾರತ: ಮುಂಬಯಿ ಕನ್ನಡಿಗರ ಓದು ಮತ್ತು ಓದುಗರ ಅಭಿಪ್ರಾಯದ ಸ್ವರೂಪ

1

ಮಧ್ಯಕಾಲೀನ ಕಾವ್ಯಗಳ ಅಧ್ಯಯನದಲ್ಲಿ ಕವಿಯ ಕಾಲ, ಆಶ್ರಯ, ಛಂದಸ್ಸು, ಪಾಠಾಂತರಗಳ ಬಗೆಗೆ ನಡೆದಿರುವಷ್ಟು ಚರ್ಚೆ ಆ ಕಾವ್ಯಗಳನ್ನು ಓದಿದವರ ಹಾಗೂ ಕೇಳಿದವರ ಅಭಿಪ್ರಾಯಗಳ ಬಗೆಗೆ ನಡೆದಿಲ್ಲ. ಓಲೆಗರಿಗಳು ಉಳಿದವು, ಅವುಗಳನ್ನು ಓದಿಸಿ ಕೇಳಿದವರು ಏನೆಂದುಕೊಂಡರೆಂಬುದು ಉಳಿಯಲಿಲ್ಲ. ಹೀಗಾಗಿ ಓದುಗನೆಂಬವನು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಊಹೆಗೆ ಮಾತ್ರ ದಕ್ಕುವ ವ್ಯಕ್ತಿಯಾಗಿದ್ದಾನೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯಿಂದ ಪ್ರಕಟವಾದ ಅಮರ ಚಿತ್ರಕಥೆಯ ಮಾಲೆ ಈ ಸ್ಥಿತಿಗೆ ಒಂದು ಅಪವಾದವನ್ನು ಒದಗಿಸಿದೆ. ಅದರ ಓದುಗರು ಸಂಪಾದಕರಿಗೆ ಪತ್ರ ಬರೆದರು, ಮೆಚ್ಚಿದರು, ಆಕ್ಷೇಪಿಸಿದರು, ಕೆಲವು ಸಂದರ್ಭಗಳಲ್ಲಿ ಕಥೆಯ ನಿರೂಪಣೆಯೇ ಮುಂದಿನ ಮುದ್ರಣಗಳಲ್ಲಿ ಬದಲಾಯಿತು. ಈ ಮಾಲೆಯ ಹುಟ್ಟಿನಲ್ಲಿ ಕನ್ನಡದ ಪಾಲೇನು, ಅದರ ಬಗೆಗಿನ ಅಭಿಪ್ರಾಯಗಳು ಯಾವ ಬಗೆಯವು, ನಮ್ಮ ಮಧ್ಯಕಾಲೀನ ಕಾವ್ಯಪರಂಪರೆಯ ಬೆಳಕಿನಲ್ಲಿ ಅವುಗಳನ್ನು ಹೇಗೆ ಅರ್ಥೈಸಬಹುದು ಎಂಬುದನ್ನು ಹೊರನಾಡಿನ ಸಂಶೋಧಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

2

ಅಮರ ಚಿತ್ರಕಥೆಯ ಉಗಮದ ಬಗೆಗೆ ಎರಡು ಪಾಠಗಳಿವೆ. ಪ್ರಸಿದ್ಧವಾದ ಪಾಠ ಅನಂತ ಪೈ ಅವರದು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಬಂದ ಪೈಯವರು 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ರಸಪ್ರಶ್ನೆ ಕಾರ್ಯಕ್ರಮವನ್ನು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿದ ಮಕ್ಕಳಿಗೆ ಶ್ರೀರಾಮನ ತಾಯಿಯ ಹೆಸರು ತಿಳಿದಿರಲಿಲ್ಲ. ಅದರಿಂದ ಪ್ರೇರಿತರಾಗಿ ಅವರು ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಮೂಲಕ ಈ ಮಾಲೆಯನ್ನು ಆರಂಭಿಸಿದರು. ಅದಕ್ಕೆ ಮೊದಲು ಅವರು ಟೈಮ್ಸ್ ಆಫ್ ಇಂಡಿಯಾ ಬಳಗದಲ್ಲಿದ್ದಾಗ 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್‌ನ ಅನುಭವವೂ ಅವರ ಬೆನ್ನಿಗಿತ್ತು.

ಎರಡನೆಯ ಪಾಠ ಅದೇ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರದು. ಅವರ ಹೇಳಿಕೆಯ ಪ್ರಕಾರ ಈ ಮಾಲೆ ಮೊದಲು ಹುಟ್ಟಿದ್ದು 1965ರಲ್ಲಿ, ಅದೂ ಕನ್ನಡದಲ್ಲಿ. ಸಿಂಡ್ರೆಲಾ, ಸ್ನೋ ವೈಟ್ ಮೊದಲಾದ ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳು ಯಶಸ್ವಿಯಾದ ಮೇಲೆಯೇ ಮುಂಬಯಿಯ ಪ್ರಧಾನ ಕಚೇರಿ ಇಂಗ್ಲಿಷ್ ಮಾಲೆಯನ್ನು ಕೈಗೆತ್ತಿಕೊಂಡು ಪೈಯವರನ್ನು ಕರೆತಂದಿತು. ಮಾಲೆಯ ಮೊದಲ ಹತ್ತು ಸಂಖ್ಯೆಗಳು ಇಂತಹ ಪಾಶ್ಚಾತ್ಯ ಕಥೆಗಳಿಗೇ ಮೀಸಲಾಗಿದ್ದು, ರಾಮ್ ವಾಯೀರ್‌ಕರ್ ಅವರು ಚಿತ್ರಿಸಿದ ‘ಕೃಷ್ಣ’ ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುವುದು ಈ ಪಾಠಕ್ಕೆ ಪೋಷಕವಾಗಿದೆ. ಗ್ರಂಥಸಂಪಾದಕನ ದೃಷ್ಟಿಯಲ್ಲಿ ಎರಡೂ ಪಾಠಗಳನ್ನು ಉಳಿಸಿಕೊಳ್ಳುವುದು ಉಚಿತ: ಒಂದು ಮಾಲೆಯ ಆಶಯದ ಹುಟ್ಟನ್ನು ಹೇಳುತ್ತದೆ, ಮತ್ತೊಂದು ಅದರ ಆಕಾರದ ಹುಟ್ಟನ್ನು. ಎರಡರಲ್ಲೂ ಕನ್ನಡನಾಡಿನವರು ಇದ್ದಾರೆಂಬುದು ಗಮನಾರ್ಹ.

ಮೂವತ್ತೆರಡು ಪುಟಗಳ ಬಿಡಿ ಸಂಚಿಕೆ ಈ ಮಾಲೆಯ ಸಾಮಾನ್ಯ ಅಳತೆ. ಅಂತಹ ಅಳತೆಗೆ ಮಹಾಭಾರತದ ಒಟ್ಟು ಕಥೆ ಒಗ್ಗುವಂತಿರಲಿಲ್ಲ. ಆದ್ದರಿಂದ 1985ರಿಂದ 1989ರ ಅವಧಿಯಲ್ಲಿ 42 ಸಂಚಿಕೆಗಳ ಪ್ರತ್ಯೇಕ ಸರಣಿಯಾಗಿ ಅದು ಹೊರಬಂದಿತು. ಚಿತ್ರ ಬಹುಮಟ್ಟಿಗೆ ದಿಲೀಪ್ ಕದಮ್ ಅವರದು. ಮುಂದೆ ಅದು ಮೂರು ಸಂಪುಟಗಳಾಗಿಯೂ ಲಭ್ಯವಾಯಿತು. ಸರಣಿ ಇನ್ನೂ ನಡೆಯುತ್ತಿದ್ದಾಗಲೇ, 1988ರಲ್ಲಿ, ಬಿ.ಆರ್. ಚೋಪ್ರಾ ಅವರ ದೂರದರ್ಶನ ಧಾರಾವಾಹಿಯೂ ಮುಂಬಯಿಯಲ್ಲೇ ಸಿದ್ಧವಾಗಿ ಪ್ರಸಾರಗೊಂಡಿತು. ಒಂದೇ ನಗರದಿಂದ ಒಂದೇ ಕಾಲದಲ್ಲಿ ಎರಡು ಭಾರತಗಳು ಹೊರಟವೆನ್ನಬಹುದು.

3

ಈ ಮಾಲೆಯ ಬಗೆಗಿನ ಅಭಿಪ್ರಾಯಗಳನ್ನು ಮೂರು ನೆಲೆಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು ಅದ್ಭುತದ ನೆಲೆ. ‘ಕೃಷ್ಣ’ ಸಂಚಿಕೆಯ ಮೊದಲ ರೂಪದಲ್ಲಿ ಪವಾಡಗಳನ್ನು ಆದಷ್ಟು ತಗ್ಗಿಸಿದ್ದಾಗಿ, ಗೋವರ್ಧನವನ್ನು ಎತ್ತುವ ಪ್ರಸಂಗದ ಬಗೆಗೆ ತಮಗೆ ಅಂದು ಸಂಕೋಚವಿದ್ದುದಾಗಿ ಪೈಯವರೇ ಮುಂದೆ ಹೇಳಿಕೊಂಡಿದ್ದಾರೆ. ಪರಿಷ್ಕೃತ ರೂಪದಲ್ಲಿ ಗೋವರ್ಧನಧಾರಿಗೆ ಸ್ಥಾನ ದೊರೆಯಿತು. ರಸಾಯನ ತಂತ್ರಜ್ಞಾನವನ್ನು ಓದಿದ್ದ ಸಂಪಾದಕನ ವೈಚಾರಿಕತೆ ಒಂದೆಡೆ, ಬೆಟ್ಟವನ್ನೆತ್ತದ ಕೃಷ್ಣನನ್ನು ಕೃಷ್ಣನೆಂದು ಒಪ್ಪದ ಜನಮನ ಇನ್ನೊಂದೆಡೆ. ಈ ತಿಕ್ಕಾಟ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹೊಸದಲ್ಲ. ವಿಮಲಸೂರಿಯ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನ ರಾಮಾಯಣದಲ್ಲಿ ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ವಿದ್ಯಾಧರರು. ಜೈನ ಪರಂಪರೆಯ ರಾವಣನಿಗೆ ಹತ್ತು ತಲೆಗಳಿಲ್ಲ, ಕೊರಳಹಾರದ ರತ್ನಗಳಲ್ಲಿ ಮುಖದ ಪ್ರತಿಬಿಂಬಗಳಿವೆ. ಅದ್ಭುತವನ್ನು ನಂಬಲು ಹಿಂಜರಿದ ಓದುಗರು ಅಂದೂ ಇದ್ದರು, ಅವರಿಗಾಗಿ ಕಾವ್ಯ ಬದಲಾಯಿತು. ಅದ್ಭುತವಿಲ್ಲದೆ ತೃಪ್ತರಾಗದವರೂ ಇದ್ದರು. ಗದುಗಿನ ಕುಮಾರವ್ಯಾಸನ ಕೃಷ್ಣನಿಗೆ ದೊರೆತ ಅಪಾರ ಕೇಳುಗವರ್ಗವೇ ಅದಕ್ಕೆ ಸಾಕ್ಷಿ. ವ್ಯತ್ಯಾಸವೆಂದರೆ, ಕನ್ನಡದಲ್ಲಿ ಇವೆರಡೂ ಭಿನ್ನ ಕೃತಿಗಳಾಗಿ ಉಳಿದವು. ಮುಂಬಯಿಯ ಮಾಲೆಯಲ್ಲಿ ಎರಡನೆಯದು ಮೊದಲನೆಯದರ ಜಾಗವನ್ನು ಆಕ್ರಮಿಸಿತು.

ಎರಡನೆಯದು ಪಾತ್ರದ ನೆಲೆ. ಇಲ್ಲಿ ಚರ್ಚೆಯ ಕೇಂದ್ರದಲ್ಲಿ ನಿಲ್ಲುವವನು ಕರ್ಣ. ಮಾಲೆಯ ಆರಂಭದ ವರ್ಷಗಳಲ್ಲೇ ಕರ್ಣನ ಮೇಲೆ ಬಿಡಿ ಸಂಚಿಕೆಯೊಂದು ಬಂದಿತ್ತು. ಬಿಡಿ ಸಂಚಿಕೆಯ ಸ್ವರೂಪವೇ ನಾಯಕಕೇಂದ್ರಿತವಾದುದು. ಅಲ್ಲಿ ಕರ್ಣನ ಬಾಳು ಕರ್ಣನ ಪಕ್ಷದಿಂದಲೇ ಕಾಣುತ್ತದೆ. 42 ಸಂಚಿಕೆಗಳ ಸರಣಿಯಲ್ಲಾದರೋ ಅವನು ದ್ಯೂತಸಭೆಯಲ್ಲಿ ದ್ರೌಪದಿಯ ಅವಮಾನಕ್ಕೆ ದನಿಗೂಡಿಸಿದವನೂ ಆಗಿ, ಹಲವರಲ್ಲಿ ಒಬ್ಬನಾಗಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಬಿಡಿ ಸಂಚಿಕೆಯನ್ನು ಮೊದಲು ಓದಿದವರ ಕರ್ಣನೂ ಸರಣಿಯನ್ನು ಮೊದಲು ಓದಿದವರ ಕರ್ಣನೂ ಒಂದೇ ಅಲ್ಲ. ಅಭಿಪ್ರಾಯಭೇದವೆಂದು ನಾವು ಕರೆಯುವುದು ಬಹುಮಟ್ಟಿಗೆ ಓದಿನ ಅನುಕ್ರಮದ ಭೇದ. ಪಂಪನನ್ನು ಓದಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. 941ರಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಭಾರತವನ್ನು ಬರೆದ ಪಂಪ, ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯಾಗಿಸಿದ. ಆದರೂ ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂಬ ಆಶಯವನ್ನು ತನ್ನ ಕಾವ್ಯದಲ್ಲಿ ಇರಿಸಿದ. ಆಶ್ರಯದಾತನಿಗಾಗಿ ಬರೆದ ಕವಿಯೊಳಗೆ ಸ್ವತಂತ್ರನಾದ ಓದುಗನೊಬ್ಬ ಇದ್ದನೆಂದು ಇದರಿಂದ ವ್ಯಕ್ತವಾಗುತ್ತದೆ.

ಮೂರನೆಯದು ಪ್ರಾತಿನಿಧ್ಯದ ನೆಲೆ. ಅಸುರರನ್ನೂ ರಾಕ್ಷಸರನ್ನೂ ಕಪ್ಪು ಮೈಬಣ್ಣದಲ್ಲಿ, ದೇವತೆಗಳನ್ನೂ ನಾಯಕರನ್ನೂ ಬಿಳಿಯ ಮೈಬಣ್ಣದಲ್ಲಿ ಚಿತ್ರಿಸಿದ್ದು. ಸ್ತ್ರೀಯ ಶ್ರೇಷ್ಠತೆಯನ್ನು ಪತಿನಿಷ್ಠೆಯಲ್ಲಿ, ಆತ್ಮತ್ಯಾಗದಲ್ಲಿ ಮಾತ್ರ ಕಂಡದ್ದು. ಮೇಲ್ಜಾತಿಯ ದೃಷ್ಟಿಯನ್ನು ಇಡೀ ದೇಶದ ದೃಷ್ಟಿಯೆಂದು ಮುಂದಿಟ್ಟದ್ದು — ಇವು ಈ ಮಾಲೆಯ ಮೇಲಿನ ಗಂಭೀರ ಆಕ್ಷೇಪಗಳು. ನಂದಿನಿ ಚಂದ್ರ (2008), ಕಾರ್ಲೀನ್ ಮೆಕ್ಲೇನ್ (2009) ಅವರ ಗ್ರಂಥಗಳು ಈ ಪ್ರಶ್ನೆಗಳನ್ನು ವಿಸ್ತಾರವಾಗಿ ಚರ್ಚಿಸಿವೆ. ಮೆಕ್ಲೇನ್ ಅವರು ಮುಂಬಯಿಯ ಕಚೇರಿಯಲ್ಲಿ ಓದುಗರ ಪತ್ರಗಳನ್ನೂ ಪರಿಶೀಲಿಸಿದ್ದಾರೆ. ಈ ಆಕ್ಷೇಪಗಳಲ್ಲಿ ಹುರುಳಿದೆ. ಶಬ್ದವು ಬಣ್ಣವನ್ನು ಹೇಳದೆ ಬಿಡಬಹುದು, ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಕಾವ್ಯ ಮೌನವಾಗಿದ್ದ ಕಡೆ ಚಿತ್ರಕಾರ ಒಂದು ನಿರ್ಧಾರವನ್ನು ಕೈಗೊಳ್ಳಲೇಬೇಕು. ಆ ನಿರ್ಧಾರ ಅವನ ಕಾಲದ ಪೂರ್ವಗ್ರಹಗಳಿಂದ ಮುಕ್ತವಾಗಿರುವುದು ಅಪರೂಪ.

4

ಇನ್ನು ಮುಂಬಯಿ ಕನ್ನಡಿಗರ ಸಂದರ್ಭ. ಮಾಟುಂಗದ ಮೈಸೂರು ಅಸೋಸಿಯೇಷನ್ (1926) ಮೊದಲಾದ ಸಂಸ್ಥೆಗಳು, ಹೋಟೆಲು ಕಾರ್ಮಿಕರು ಓದಿದ ರಾತ್ರಿಶಾಲೆಗಳು, ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ — ಇವು ಈ ನಗರದಲ್ಲಿ ಕನ್ನಡದ ಓದನ್ನು ಬೆಳೆಸಿದವು. ಇಲ್ಲಿ ಭಾರತ-ರಾಮಾಯಣಗಳನ್ನು ಜೀವಂತವಾಗಿ ಉಳಿಸಿದ ಮತ್ತೊಂದು ವೇದಿಕೆ ತಾಳಮದ್ದಲೆ. ಹೊರನಾಡಿನ ಸಂಶೋಧಕರಿಗಾಗಿ ಹೇಳುವುದಾದರೆ, ಇದು ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಭಾಗವತರು ಪದ್ಯವನ್ನು ಹಾಡುತ್ತಾರೆ; ಕುಳಿತ ಅರ್ಥಧಾರಿಗಳು ಪಾತ್ರಗಳಾಗಿ ಆಶುಗದ್ಯದಲ್ಲಿ ವಾದಿಸುತ್ತಾರೆ. ಕರಾವಳಿಯಲ್ಲಿ ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುವುದು ಬಹುಕಾಲದ ರೂಢಿ. ‘ಕೃಷ್ಣಸಂಧಾನ’, ‘ಕರ್ಣಪರ್ವ’, ‘ವಾಲಿಮೋಕ್ಷ’ ಪ್ರಸಂಗಗಳಲ್ಲಿ ಪ್ರತಿ ಸಲವೂ ವಾದ ಹೊಸದಾಗಿ ಹುಟ್ಟುತ್ತದೆ. ರಾವಣ, ವಾಲಿ, ದುರ್ಯೋಧನರ ಪಕ್ಷವನ್ನು ಸಮರ್ಥವಾಗಿ ಮಂಡಿಸಿದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918-2006) ಅರ್ಥಗಾರಿಕೆ ವಾಸ್ತವವಾಗಿ ಮಹಾಕಾವ್ಯದ ವಿಮರ್ಶೆಯೇ ಆಗಿತ್ತು. ಇಲ್ಲಿ ಅಭಿಪ್ರಾಯವು ಕೃತಿಯ ಹೊರಗಿಲ್ಲ, ಅದೇ ಕೃತಿಯಾಗುತ್ತದೆ.

ಚಿತ್ರಕಥೆಯನ್ನು ಓದಿ ಬೆಳೆದ ತಲೆಮಾರಿಗೆ ಸೇರಿದ ಈ ಲೇಖಕನು ಮಾಟುಂಗದಲ್ಲಿ ‘ಕರ್ಣಪರ್ವ’ವೊಂದು ಮುಗಿದಾಗ ಕಂಡ ಒಂದು ಪ್ರಸಂಗವನ್ನು ಇಲ್ಲಿ ಉಲ್ಲೇಖಿಸಬಹುದು. ಅಜ್ಜನೊಡನೆ ಬಂದಿದ್ದ ಹುಡುಗನೊಬ್ಬ, ರಥದ ಗಾಲಿ ಹೂತಾಗ ಬಾಣ ಬಿಟ್ಟದ್ದು ತಪ್ಪೆಂದು ಇಂಗ್ಲಿಷಿನಲ್ಲಿ ಪಟ್ಟುಹಿಡಿದಿದ್ದ. ತಾನು ಪುಸ್ತಕದಲ್ಲಿ ಅದನ್ನು ನೋಡಿರುವೆನೆಂದ. ಅಭಿಮನ್ಯುವನ್ನು ಕೊಂದಾಗ ಧರ್ಮ ಎಲ್ಲಿತ್ತೆಂದು ಅಜ್ಜ ತುಳುವಿನಲ್ಲಿ ಕೇಳಿದರು. ಅಜ್ಜನ ಬಳಿ ಆಗಷ್ಟೇ ಕೇಳಿದ ಅರ್ಧ ಗಂಟೆಯ ವಾದವಿತ್ತು, ಹುಡುಗನ ಬಳಿ ಒಂದು ಚಿತ್ರವಿತ್ತು. ಇಬ್ಬರೂ ಒಂದೇ ಕಥೆಯನ್ನು ಬಲ್ಲವರು. ಆದರೆ ವೇದಿಕೆಯ ಕನ್ನಡ ಹುಡುಗನನ್ನು ಅರೆಬರೆಯಾಗಿ ಮಾತ್ರ ತಲುಪಿತ್ತು. ಚಿತ್ರಕಥೆ ಇಲ್ಲದಿದ್ದರೆ ಆ ಹುಡುಗನಿಗೆ ಕೇಳಲು ಪ್ರಶ್ನೆಯೇ ಇರುತ್ತಿರಲಿಲ್ಲ. ಚಿತ್ರಕಥೆಯೊಂದೇ ಇದ್ದರೆ ಅವನಿಗೆ ಉತ್ತರ ಕೊಡುವವರೂ ಇರುತ್ತಿರಲಿಲ್ಲ.

5

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮಹಾಕಾವ್ಯದ ಓದುಗ ಎಂದೂ ನಿಷ್ಕ್ರಿಯನಲ್ಲ. ಅವನ ನಂಬಿಕೆ ಮತ್ತು ಸಂಶಯಗಳು ಕೃತಿಯ ರೂಪವನ್ನು ತಿದ್ದುತ್ತಲೇ ಬಂದಿವೆ. ಚಿತ್ರಕಥೆ ಮಹಾಕಾವ್ಯವನ್ನು ಕೆಡಿಸಿತೆಂಬ ಪಂಡಿತರ ದೂರು, ಅದು ಪರಂಪರೆಯನ್ನು ಉಳಿಸಿತೆಂಬ ಅಭಿಮಾನಿಗಳ ಹೊಗಳಿಕೆ, ಇವೆರಡೂ ಅರ್ಧಸತ್ಯಗಳು. ಅದು ಹಲವು ಪಾಠಗಳಲ್ಲಿ ಒಂದನ್ನು ಆರಿಸಿ ಅಸಂಖ್ಯ ಮನೆಗಳಿಗೆ ಮುಟ್ಟಿಸಿತು. ಆರಿಸದೆ ಬಿಟ್ಟ ಪಾಠಗಳು ಪಂಪ, ನಾಗಚಂದ್ರ, ಕುಮಾರವ್ಯಾಸರಲ್ಲಿ ಮತ್ತು ತಾಳಮದ್ದಲೆಯ ವಾದಗಳಲ್ಲಿ ಇವೆ. ಅವುಗಳನ್ನು ತಲುಪಲು ಕನ್ನಡ ಬೇಕು.

ಆದುದರಿಂದ ಹೊರನಾಡ ಕನ್ನಡದ ಸಂಶೋಧಕರು ಕೈಗೊಳ್ಳಬೇಕಾದ ತುರ್ತು ಕಾರ್ಯವೊಂದಿದೆ. 1970ರ ದಶಕದಲ್ಲಿ ಈ ಸಂಚಿಕೆಗಳನ್ನು ಓದಿದ ಮಕ್ಕಳು ಇಂದು ಐವತ್ತು, ಅರವತ್ತರ ಅಂಚಿನಲ್ಲಿದ್ದಾರೆ. ಅವರಿಗೆ ಮೊದಲು ಕಥೆ ಹೇಳಿದ ಹಿರಿಯರು ವಿರಳವಾಗುತ್ತಿದ್ದಾರೆ. 2011ರಲ್ಲಿ ಅನಂತ ಪೈಯವರೂ ತೀರಿಕೊಂಡರು. ಯಾವ ಮನೆಯಲ್ಲಿ ಯಾವ ಭಾಷೆಯಲ್ಲಿ ಯಾವ ಕರ್ಣನನ್ನು ಮೊದಲು ಕಂಡರು, ಯಾರೊಡನೆ ವಾದಿಸಿದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಬೇಕು. ಮಳೆಗಾಲದ ಕೂಟಗಳ ಕೇಳುಗರ ಮಾತನ್ನೂ ಅದರೊಡನೆ ಸಂಗ್ರಹಿಸಬೇಕು. ಪಂಪನ ಕಾಲದ ಓದುಗರು ಏನೆಂದರೆಂಬುದನ್ನು ನಾವು ಇನ್ನು ತಿಳಿಯಲಾರೆವು. ನಮ್ಮ ಕಾಲದ ಓದುಗರ ವಿಷಯದಲ್ಲೂ ಅದೇ ನಷ್ಟ ಮರುಕಳಿಸಿದರೆ, ಅದಕ್ಕೆ ಕಾಲವನ್ನು ದೂರಲು ನಮಗೆ ಅಧಿಕಾರವಿರುವುದಿಲ್ಲ.