ಜಲಾಶಯದ ಮಟ್ಟ ನೋಡಿ ಚೀಲ ಕಟ್ಟಿ

ಜುಲೈ ಮೊದಲ ವಾರ ಜೋಗಕ್ಕೆ ಹೋಗಿದ್ದೆವು. ಬಿಡದ ಮಳೆ. ಕಂಬಿ ಹಿಡಿದು ನಿಂತರೆ ಎದುರಿಗೆ ಬರೀ ಮಂಜು, ಒಳಗೆಲ್ಲೋ ನೀರಿನ ಸದ್ದು. ಜೋಳ ಸುಡುತ್ತಿದ್ದ ಹೆಂಗಸು ನಮ್ಮ ಮುಖ ನೋಡಿ, "ಗಾಳಿ ಬೀಸಿದ್ರೆ ಕಾಣ್ತದೆ ಸಾರ್, ಅಲ್ಲೀವರೆಗೆ ಒಂದು ತೆನೆ ತಿನ್ನಿ" ಅಂದರು. ಎರಡು ತೆನೆ ಮುಗಿಯುವಷ್ಟರಲ್ಲಿ ಗಾಳಿ ಬೀಸಿತು. ಕಂಡದ್ದು ನಾಲ್ಕು ಸಣ್ಣ ಎಳೆ. ಇಷ್ಟು ಮಳೆಯಲ್ಲೂ ಇಷ್ಟೇ ನೀರಾ ಅಂತ ಕೇಳಿದ್ದಕ್ಕೆ ಆಕೆ ಕೆಂಡ ಊದುತ್ತಲೇ ಹೇಳಿದರು: "ಡ್ಯಾಂ ಇನ್ನೂ ತುಂಬಿಲ್ವಲ್ಲ."

ಅವತ್ತಿನಿಂದ ಎಲ್ಲಿಗೇ ಹೊರಡುವುದಿದ್ದರೂ ನಾನು ಮೊದಲು ನೋಡುವುದು ಪತ್ರಿಕೆಯ ಮೂಲೆಯಲ್ಲಿ ಬರುವ ಜಲಾಶಯ ಮಟ್ಟದ ಚೌಕ. ರೈತರಿಗಾಗಿ ಹಾಕುವ ಆ ಪುಟ್ಟ ಪಟ್ಟಿಗಿಂತ ಒಳ್ಳೆಯ ಪ್ರವಾಸಿ ಕೈಪಿಡಿ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಜೋಗದ ಲೆಕ್ಕ ಹೀಗೆ. 253 ಮೀಟರ್ ಧುಮುಕುವ ಶರಾವತಿಗೆ ಮೇಲ್ಗಡೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಬಂತು. ನೀರು ಮೊದಲು ವಿದ್ಯುತ್ತಿಗೆ, ಮಿಕ್ಕಿದ್ದು ನೋಡುವವರಿಗೆ. ಅಣೆಕಟ್ಟು ತುಂಬುವವರೆಗೆ ಜೋಗದಲ್ಲಿ ಬೀಳುವುದು ಕೆಳಗಿನ ಹಳ್ಳಕೊಳ್ಳಗಳು ಸೇರಿಸಿದ ನೀರು ಮಾತ್ರ. ಪೂರ್ಣ ಮಟ್ಟ 1819 ಅಡಿ. ಪಟ್ಟಿಯಲ್ಲಿ 1810 ದಾಟಿತೆಂದರೆ ನಾನು ದಿನಾ ನೋಡತೊಡಗುತ್ತೇನೆ. ಗೇಟು ಎತ್ತಿದ ಸುದ್ದಿ ಬಂದರೆ ಮಾರನೇ ದಿನವೇ ಬಸ್ಸು. ಹೆಚ್ಚಾಗಿ ಅದು ಆಗಸ್ಟ್ ಆಚೀಚೆ. ಕೆಲವು ವರ್ಷ ಗೇಟು ಎತ್ತುವುದೇ ಇಲ್ಲ, ಆಗ ಜೋಗದ ಆಸೆ ಬಿಡಬೇಕು.

ಕಾವೇರಿಯ ಕಡೆ ಒಂದೇ ಅಂಕಿ ಎರಡು ಪ್ರವಾಸ ತೀರ್ಮಾನಿಸುತ್ತದೆ. ಕೆಆರ್‌ಎಸ್‌ 124.80 ಅಡಿಗೆ ತುಂಬಿ ಹೊಳೆಗೆ ನೀರು ಬಿಟ್ಟರೆ ಶಿವನಸಮುದ್ರದ ಗಗನಚುಕ್ಕಿ, ಭರಚುಕ್ಕಿ ಮೈದುಂಬುತ್ತವೆ. ಅದೇ ಹೊತ್ತಿಗೆ ಅಣೆಕಟ್ಟಿನ ಸ್ವಲ್ಪ ಕೆಳಗಿರುವ ರಂಗನತಿಟ್ಟಿನಲ್ಲಿ ನಡುಗಡ್ಡೆಗಳು ಮುಳುಗಿ ದೋಣಿ ನಿಲ್ಲುತ್ತದೆ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆಂದು ಬೆಂಗಳೂರಿನಿಂದ ಬಂದವರು ಗೇಟಿನಲ್ಲೇ ವಾಪಸ್ಸು ಹೋಗುವುದನ್ನು ನೋಡಿದ್ದೇನೆ. ಹಕ್ಕಿಗಳು ಬೇಕಿದ್ದರೆ ಚಳಿ ಕಾಲಿಟ್ಟ ಮೇಲೆ ಬನ್ನಿ. ಫೆಬ್ರವರಿ, ಮಾರ್ಚ್‌ನಲ್ಲಾದರೆ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆಮರದಲ್ಲೇ ಮರಿ ಮಾಡಿರುತ್ತವೆ. ತುಂಗಭದ್ರೆಯದೂ ಇದೇ ಕಥೆ: 1633 ಅಡಿ ತುಂಬಿ ಹೊಳೆಗೆ ಬಿಟ್ಟರೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪ ಕಟ್ಟಿಹಾಕುತ್ತಾರೆ, ಆಚೆ ದಡ ಬೇಕೆಂದರೆ ರಸ್ತೆಯಲ್ಲಿ ಸುತ್ತಬೇಕು.

ನೀರು ಇಳಿದಾಗ ಚೆಂದ ಕಾಣುವ ಜಾಗಗಳೂ ಇವೆ. ಕಬಿನಿಯ ಪೂರ್ಣ ಮಟ್ಟ 2284 ಅಡಿ. ಅದು ಇಳಿದಷ್ಟೂ ಆನೆ ಹೆಚ್ಚು. ಮಾರ್ಚ್‌ನಿಂದ ಮೇವರೆಗೆ ಕಾಡಿನೊಳಗಿನ ಕೆರೆಕಟ್ಟೆ ಒಣಗಿರುತ್ತವೆ, ಹಿನ್ನೀರು ಹಿಂದೆ ಸರಿದ ಕೆಸರಿನಲ್ಲಿ ಮಾತ್ರ ಹಸಿ ಹುಲ್ಲು. ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಅಲ್ಲಿಗೆ ಹಿಂಡುಹಿಂಡಾಗಿ ಇಳಿಯುತ್ತವೆ. ಅದೇ ಜಾಗಕ್ಕೆ ಆಗಸ್ಟ್‌ನಲ್ಲಿ ಹೋದರೆ ಕಣ್ಣಿಗೆ ತಂಪು ಅಷ್ಟೇ, ಆನೆ ಕಾಡೊಳಗೆಲ್ಲೋ. ಹಾಸನದ ಶೆಟ್ಟಿಹಳ್ಳಿ ಇಗರ್ಜಿಯನ್ನಂತೂ ವರ್ಷಕ್ಕೆ ಎರಡು ಸಲ ನೋಡಬೇಕು. ಹೇಮಾವತಿ 2922 ಅಡಿಗೆ ಹತ್ತಿರವಾದಾಗ ಅರ್ಧ ಮುಳುಗಿ ನಿಂತಿರುತ್ತದೆ. ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನ ಮೇಲೆ ಅದರೊಳಕ್ಕೇ ನಡೆಯಬಹುದು. ಗೋಡೆ ಹತ್ತಬೇಡಿ, ಈಗಾಗಲೇ ಒಂದಷ್ಟು ಕುಸಿದಿದೆ.

ಇಷ್ಟು ನೀರಿನ ಮಾತಾಯಿತು, ಇನ್ನು ಗಾಳಿಯದು. ಮುಂಗಾರು ಗಾಳಿ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬಂದು ಘಟ್ಟಕ್ಕೆ ಎದೆ ಕೊಡುತ್ತದೆ, ಮೇಲೇರುತ್ತ ತಣಿದು ಅಲ್ಲೇ ಸುರಿದುಬಿಡುತ್ತದೆ. ಬೆನ್ನ ಹಿಂದಿನ ಬಯಲಿಗೆ ಇಳಿಯುವ ಹೊತ್ತಿಗೆ ಕೈ ಖಾಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ; ನೇರ ಗೆರೆ ಎಳೆದರೆ 200 ಕಿ.ಮೀ.ಯೂ ಆಗದ ಚಳ್ಳಕೆರೆಯಲ್ಲಿ 500ರ ಆಸುಪಾಸು. ಹಾಗಾಗಿ "ಜುಲೈನಲ್ಲಿ ಎಲ್ಲಿಗೆ ಹೋಗೋಣ" ಎಂದು ಕೇಳುವವರಿಗೆ ನಾನು ಕೇಳುವ ಮರುಪ್ರಶ್ನೆ ಒಂದೇ: ನೆನೆಯಬೇಕಾ, ನೋಡಬೇಕಾ?

ನೋಡಬೇಕು ಅನ್ನುವವರಿಗೆ ಬಾದಾಮಿ. ಎಲ್ಲರೂ ಕೊಡೆ ಹಿಡಿದು ಕೊಡಗಿಗೆ ಹೊರಟಾಗ ಮಳೆ ನೆರಳಿನ ಈ ಊರಿನಲ್ಲಿ ದಿನವಿಡೀ ಮೋಡ, ಬಿಡದೆ ಬೀಸುವ ಪಡುವಣ ಗಾಳಿ, ನಡುನಡುವೆ ಹನಿ. ಏಪ್ರಿಲ್‌ನಲ್ಲಿ ಇದೇ ಕೆಂಪು ಮರಳುಗಲ್ಲು ಚಪ್ಪಲಿ ಬಿಟ್ಟವರನ್ನು ಕುಣಿಸುತ್ತದೆ. ಜುಲೈನಲ್ಲಿ ಬರಿಗಾಲಲ್ಲಿ ಮೂರನೇ ಗುಹೆಯವರೆಗೆ ನಿಧಾನ ಹತ್ತಿ, 578ರಲ್ಲಿ ಮಂಗಳೇಶ ಮಾಡಿಸಿದ ಆ ಗುಹೆಯ ಕಂಬಗಳ ನಡುವೆ ಗಾಳಿಗೆ ಕೂರಬಹುದು. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ, ಕೋತಿಗಳಿಗೆ ಮಾತ್ರ ಯಾವ ಋತುವೂ ಲೆಕ್ಕಕ್ಕಿಲ್ಲ. ಅಲ್ಲಿಂದ ಪಟ್ಟದಕಲ್ಲು, ಐಹೊಳೆ, ಇನ್ನೂ ಪುರುಸೊತ್ತಿದ್ದರೆ ವಿಜಯಪುರ. ಆ ಸೀಮೆಯಲ್ಲಿ ಮಳೆಯ ಜೋರು ಹೆಚ್ಚಾಗಿ ಸೆಪ್ಟೆಂಬರಿಗೆ.

ನೆನೆಯಬೇಕು ಅನ್ನುವವರು ಇಂಗ್ಲಿಷ್ ತಿಂಗಳು ಬಿಟ್ಟು ಮಳೆ ನಕ್ಷತ್ರ ಹಿಡಿಯುವುದು ಮೇಲು. ತಿಂಗಳು ತೀರಾ ಅಗಲ. ಒಂದು ನಕ್ಷತ್ರ 13–14 ದಿನಕ್ಕೆ ಮುಗಿಯುತ್ತದೆ, ಅಂದರೆ ಎರಡು ವಾರಾಂತ್ಯ. ಜೂನ್ 21ರ ಸುಮಾರಿಗೆ ಹುಟ್ಟುವ ಆರಿದ್ರೆಯಿಂದ ಆಗಸ್ಟ್ ಮಧ್ಯದಲ್ಲಿ ಮುಗಿಯುವ ಆಶ್ಲೇಷದವರೆಗೆ ಘಟ್ಟದಲ್ಲಿ ಬಟ್ಟೆ ಒಣಗುವುದಿಲ್ಲ, ರಸ್ತೆ ಯಾವಾಗ ಕುಸಿಯುತ್ತದೋ ಹೇಳಲಾಗದು. ಮಳೆಯನ್ನೇ ನೋಡಲು ಹೋಗುವವರು ಒಂದೇ ಊರಲ್ಲಿ ಹೋಂಸ್ಟೇ ಹಿಡಿದು, ಜಗಲಿಯಲ್ಲಿ ಕೂತು, ಹಲಸಿನ ಹಪ್ಪಳ ತಿನ್ನಬೇಕು. ದಿನಕ್ಕೆ ಐದು ಜಲಪಾತದ ಪಟ್ಟಿ ಹಿಡಿದು ಓಡುವುದು ಹುಚ್ಚು. ಕಾಡು ಹೊಕ್ಕರೆ ಇಂಬಳ ಹತ್ತದೆ ಬಿಡುವುದಿಲ್ಲ. ಪ್ಯಾಂಟನ್ನು ಕಾಲುಚೀಲದೊಳಕ್ಕೆ ತುರುಕಿ, ಕಾಲುಚೀಲಕ್ಕೆ ಸುಣ್ಣ–ಹೊಗೆಸೊಪ್ಪಿನ ನೀರು ಸವರಿಕೊಳ್ಳುವುದು ಅಲ್ಲಿನವರ ಉಪಾಯ. ಹತ್ತಿದರೆ ಒಂದು ಚಿಟಿಕೆ ಉಪ್ಪು ಸಾಕು, ಕಿತ್ತೆಳೆಯಬೇಡಿ.

ನನ್ನನ್ನು ಕೇಳಿದರೆ ಮಲೆನಾಡಿಗೆ ಉತ್ತರೆ ಮಳೆಯ ದಿನಗಳೇ ಸರಿ, ಸೆಪ್ಟೆಂಬರ್ 13ರಿಂದ ಹಸ್ತ ಹುಟ್ಟುವವರೆಗೆ. ಮಂಜು ಎದ್ದಿರುತ್ತದೆ, ಗದ್ದೆ ಹಸಿರು, ಹಳ್ಳಗಳಲ್ಲಿ ಇನ್ನೂ ನೀರು. ಆಗುಂಬೆಯ ಸೂರ್ಯಾಸ್ತ ಬೇಕಿದ್ದರೆ ಇನ್ನೆರಡು ತಿಂಗಳು ಕಾಯಬೇಕು. ಮುಂದಿನ ಚಿತ್ತೆಗೆ ಕುರುಡು ಚಿತ್ತೆ ಅಂತಲೇ ಹೆಸರು, ಎಲ್ಲಿ ಎರಚುತ್ತದೋ ತಿಳಿಯದು. ಅಕ್ಟೋಬರ್‌ನಲ್ಲಿ ಗಾಳಿ ತಿರುಗಿ, ಬಂಗಾಳ ಕೊಲ್ಲಿ ಕಡೆಯಿಂದ ಬರುವ ಮಳೆ ಬೆಂಗಳೂರು, ಕೋಲಾರ, ಮೈಸೂರಿನ ಸಂಜೆಗಳನ್ನು ಹಿಡಿಯುತ್ತದೆ. ಆ ಕಡೆಯ ತಿರುಗಾಟ ಮಧ್ಯಾಹ್ನದೊಳಗೆ ಮುಗಿಯಲಿ.

ಘಟ್ಟದ ಕೆಳಗಿನ ಗೋಕರ್ಣ, ಮಲ್ಪೆ, ಕಾರವಾರಕ್ಕೆ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ದ್ವೀಪದ ದೋಣಿ ಇಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಊಟದ ತಟ್ಟೆಯೂ ಬಡವಾಗಿರುತ್ತದೆ. ಮಾರ್ಚ್ ಆದಮೇಲೆ ಬೆವರು. ಕಲಬುರಗಿಗಿಂತ ಐದಾರು ಡಿಗ್ರಿ ಕಡಿಮೆ ಇದ್ದರೂ ಒದ್ದೆ ಗಾಳಿಯಲ್ಲಿ ಬೆವರು ಆರುವುದೇ ಇಲ್ಲ. ಬೆಟ್ಟ ಹತ್ತುವವರು ಒಣಗಾಲದಲ್ಲಿ ಹೊರಡುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳಿ, ಕಾಳ್ಗಿಚ್ಚಿನ ಭಯಕ್ಕೆ ಹಲವು ದಾರಿ ಮುಚ್ಚಿರುತ್ತಾರೆ. ಶಿವಮೊಗ್ಗ, ಉತ್ತರ ಕನ್ನಡದ ಕಾಡಾದರೆ ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಸುದ್ದಿಯನ್ನೂ ವಿಚಾರಿಸಿ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಈ ಜ್ವರ ಉಣ್ಣೆಯಿಂದ ಹರಡುತ್ತದೆ. ಮಂಗ ಸತ್ತಿದೆ ಅಂದರೆ ಆ ಕಡೆ ಕಾಲಿಡಬೇಡಿ.

ಇನ್ನೊಂದು ಪ್ರವಾಸವಿದೆ, ಕ್ಯಾಲೆಂಡರಿಗೆ ಸಿಗದ್ದು. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಕಾಫಿ ತೋಟಕ್ಕೆ ಒಂದು ಹದ ಮಳೆ ಬೀಳಬೇಕು. ಬಿದ್ದ ಎಂಟು–ಹತ್ತು ದಿನಕ್ಕೆ ಗಿಡದ ಗೆಣ್ಣುಗೆಣ್ಣಿಗೂ ಬಿಳಿ ಹೂ, ಇಡೀ ಇಳಿಜಾರಿಗೆ ಮಲ್ಲಿಗೆಯಂಥ ವಾಸನೆ. ಎರಡು–ಮೂರು ದಿನಕ್ಕೆ ಹೂ ಕಂದಿ ಮುಗಿಯಿತು. ಈಗ ಸ್ಪ್ರಿಂಕ್ಲರ್ ಇರುವವರು ತಾವೇ ನೀರು ಹಾರಿಸಿ ಹೂ ಬಿಡಿಸುತ್ತಾರೆ, ಆದರೆ ಒಂದೇ ರಾತ್ರಿ ಊರಿಗೆಲ್ಲ ಹೂ ಬಿಡುವುದಕ್ಕೆ ಮಳೆಯೇ ಆಗಬೇಕು. ಸಕಲೇಶಪುರದ ಗೆಳೆಯನಿಗೆ ಶಿವರಾತ್ರಿ ಕಳೆದದ್ದೇ ಫೋನು ಶುರು ಮಾಡುತ್ತೇನೆ. ಹೋದ ಸಲ ಎತ್ತಿದವನೇ, "ಬಂತು ಮಾರಾಯ, ಆದ್ರೆ ಮೂವತ್ತು ಸೆಂಟ್ಸು" ಅಂದ. ಒಂದು ಇಂಚಿಗೆ ನೂರು ಸೆಂಟ್ಸು. ಬಸ್ಸಿನ ಟಿಕೆಟ್ ತೆಗೆಯಲಿಲ್ಲ.