ಬಿಳಿ ಅಂಗಿಗೆ ಬಿದ್ದ ಅರಸಿನ

ಜೂನ್ ತಿಂಗಳ ಎರಡನೇ ವಾರ. ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯ ಹಿಂಬದಿ, ಬಾವಿಕಟ್ಟೆಯ ಪಕ್ಕದ ಒಗೆಯುವ ಕಲ್ಲಿನ ಮೇಲೆ ಮಗಳ ಬಿಳಿ ಅಂಗಿ ಹರಡಿಕೊಂಡು ಕೂತಿದ್ದೆ. ಹೊಸ ಯೂನಿಫಾರ್ಮು. ಅದಕ್ಕೆ ಕೊಟ್ಟ ದುಡ್ಡಿನ ರಶೀದಿ ಇನ್ನೂ ಕಪಾಟಿನಲ್ಲೇ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಯಾರದೋ ಮೊಣಕೈ ತಾಗಿ ಎದೆಯ ಮೇಲೆ ಅಂಗೈಯಗಲ ಸಾಂಬಾರು ಚೆಲ್ಲಿತ್ತು. "ನಾನು ಬೇಕೂಂತ ಮಾಡಿದ್ದಲ್ಲಮ್ಮ" ಎಂದು ಅವಳು ಬಾಗಿಲಲ್ಲೇ ನಿಂತಿದ್ದಳು. ಬಾರ್ ಸೋಪು ಹಚ್ಚಿ ನಾಲ್ಕು ಸಲ ತಿಕ್ಕಿದೆ. ಹಳದಿ ಕರೆ ಕಣ್ಣೆದುರೇ ಇಟ್ಟಿಗೆಯ ಕೆಂಪಿಗೆ ತಿರುಗಿತು. ಅಂಗಿ ಹಾಳಾಯಿತು ಅಂದುಕೊಂಡೆ.

ಅತ್ತೆ ಬಂದು ಬಗ್ಗಿ ನೋಡಿದರು. "ಇದು ಕುರ್ದಿ ಅಲ್ವಾ ಮಾರಾಯ್ತಿ, ಅರಸಿನಕ್ಕೆ ಸುಣ್ಣ ಬಿದ್ದ ಹಾಗೆ ಆಗಿದೆ" ಎಂದರು.

ಅವರ ಮಾತಿನಲ್ಲಿ ಪೂರ್ತಿ ರಸಾಯನಶಾಸ್ತ್ರವಿತ್ತು. ಆರತಿ ಎತ್ತುವಾಗ ಹರಿವಾಣದಲ್ಲಿ ಅರಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಅದು ಕೆಂಪಾಗುತ್ತದೆ, ಆ ನೀರೇ ಕುರ್ದಿ. ಅರಸಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಹುಳಿಯಲ್ಲಿ, ಶುದ್ಧ ನೀರಿನಲ್ಲಿ ಅದು ಹಳದಿ. ಸುಣ್ಣದಂಥ ಕ್ಷಾರ ಸೇರಿದಾಗ ಅದರ ಅಣುವಿನಿಂದ ಒಂದು ಹೈಡ್ರೋಜನ್ ಕಣ ಕಳಚಿಕೊಳ್ಳುತ್ತದೆ. ಆಗ ಅದು ಬೆಳಕನ್ನು ಹೀರುವ ರೀತಿಯೇ ಬದಲಾಗಿ ನಮ್ಮ ಕಣ್ಣಿಗೆ ಕೆಂಪಾಗಿ ಕಾಣುತ್ತದೆ. ಬಟ್ಟೆ ಸೋಪೂ ಸುಣ್ಣದ ಹಾಗೆ ಕ್ಷಾರವೇ. ಅಂದರೆ ನಾನು ಕಲ್ಲಿನ ಮೇಲೆ ಮಾಡಿದ್ದು ಒಂದು ಹರಿವಾಣ ಕುರ್ದಿ. ಈ ಕೆಂಪು ಶಾಶ್ವತವಲ್ಲ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಲಿಂಬೆಹಣ್ಣು ಹಿಂಡಿದರೆ ಕೂಡಲೇ ಹಳದಿಯಾಗುತ್ತದೆ. ಅದನ್ನು ನೋಡಿ "ಲಿಂಬೆಗೆ ಕರೆ ಹೋಯಿತು" ಎಂದು ಅನೇಕರು ನಂಬುತ್ತಾರೆ. ಹೋದದ್ದು ಕೆಂಪು ಮಾತ್ರ, ಅರಸಿನ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಹಾಗಾದರೆ ಅದನ್ನು ತೆಗೆಯುವುದು ಹೇಗೆ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಸಾಂಬಾರಿನ ಒಗ್ಗರಣೆಯ ತೆಂಗಿನೆಣ್ಣೆಯೇ ಅದನ್ನು ಹೊತ್ತು ಬಟ್ಟೆಯ ಎಳೆಯೊಳಗೆ ಇಳಿಸುತ್ತದೆ. ಈಗಿನ ಯೂನಿಫಾರ್ಮಿನ ಬಟ್ಟೆ ಹೆಚ್ಚಾಗಿ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣ. ಹತ್ತಿಗೆ ನೀರೆಂದರೆ ಪ್ರೀತಿ, ಪಾಲಿಯೆಸ್ಟರಿಗೆ ಎಣ್ಣೆಯೆಂದರೆ ಪ್ರೀತಿ. ಮಿಶ್ರಣದ ಬಟ್ಟೆ ಎರಡೂ ಜಾತಿಯ ಕರೆಯನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಮೊದಲು ಎಣ್ಣೆ ಬಿಡಿಸಬೇಕು: ಪಾತ್ರೆ ತೊಳೆಯುವ ದ್ರವ ಸೋಪು ನಾಲ್ಕು ತೊಟ್ಟು ಹಾಕಿ, ತಿಕ್ಕದೆ ಬೆರಳಿನಿಂದ ಒತ್ತಿ ಹತ್ತು ನಿಮಿಷ ಬಿಡುವುದು, ಆಮೇಲೆ ಒಗೆಯುವುದು. ಉಳಿದ ಹಳದಿಯನ್ನು ಬಿಸಿಲಿಗೆ ಒಪ್ಪಿಸಬೇಕು. ಕರ್ಕ್ಯುಮಿನ್ ಬೆಳಕಿಗೆ ಬಹಳ ಬೇಗ ಒಡೆಯುವ ಅಣು, ಒಡೆದ ತುಂಡುಗಳಿಗೆ ಬಣ್ಣವಿಲ್ಲ. ಅರಸಿನದ ಬಣ್ಣ ಹಾಕಿದ ಸೀರೆಯನ್ನು ಬಿಸಿಲಿಗೆ ಹಾಕಬೇಡ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರ ಹಿಂದೆ ಇರುವುದೂ ಇದೇ.

ಆದರೆ ಬಿಸಿಲು ಎಲ್ಲಿ? ಕರಾವಳಿಯ ಮಕ್ಕಳ ಶಾಲೆ ಶುರುವಾಗುವುದೂ ಮಳೆ ಶುರುವಾಗುವುದೂ ಒಟ್ಟಿಗೆ. ಉಡುಪಿಗೆ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮೋಡದ ಬೆಳಕಿನಲ್ಲೂ ಅತಿನೇರಳೆ ಕಿರಣ ಸ್ವಲ್ಪ ಇರುತ್ತದೆ, ಆದ್ದರಿಂದ ಜಗಲಿಯ ತುದಿಯಲ್ಲಿ ಬೆಳಕು ಬೀಳುವ ಕಡೆ ಒಣಹಾಕಿದರೆ ಕೆಲಸ ನಿಧಾನಕ್ಕಾದರೂ ಆಗುತ್ತದೆ. ಮಗಳ ಅಂಗಿಗೆ ನಾಲ್ಕು ದಿನ ಬೇಕಾಯಿತು. ಕರೆ ಪೂರ್ತಿ ಹೋಗುವ ತನಕ ನಾನು ಇಸ್ತ್ರಿ ಪೆಟ್ಟಿಗೆ ಮುಟ್ಟಿಸಲಿಲ್ಲ. ಬಿಸಿ ತಾಗಿದರೆ ಅರ್ಧ ಹೋದ ಕರೆ ಎಳೆಯೊಳಗೆ ಇನ್ನಷ್ಟು ಇಳಿದು ಅಲ್ಲೇ ಉಳಿದುಬಿಡುತ್ತದೆ.

ಅರಸಿನದ ಕಥೆ ಇದಾದರೆ ಮಣ್ಣಿನದು ಬೇರೆ. ಉಡುಪಿ–ಮಣಿಪಾಲ ರಸ್ತೆಯ ಬದಿಯಲ್ಲಿ ಮಳೆಗಾಲದ ಬೆಳಿಗ್ಗೆ ನಿಂತವರಿಗೆ ಗೊತ್ತು, ಒಂದು ಬಸ್ಸು ಹಾದುಹೋದರೆ ಸಾಕು, ಸಾಕ್ಸಿನಿಂದ ಲಂಗದವರೆಗೆ ಕೆಂಪು ಚುಕ್ಕೆ. ನಮ್ಮದು ಮುರಕಲ್ಲಿನ ನೆಲ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನಿನಲ್ಲಿ ಇಟ್ಟಿಗೆಗೆ 'ಲೇಟರ್' ಎನ್ನುತ್ತಾರೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯಲ್ಲಿ ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿ, ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂಗಳ ಆಕ್ಸೈಡನ್ನು ಬಿಟ್ಟುಹೋಗಿದೆ. ಅದರ ಕೆಂಪು ಅಂದರೆ ಹೆಚ್ಚುಕಡಿಮೆ ತುಕ್ಕಿನ ಕೆಂಪು. ಜೇಡಿಯ ಒಂದು ಕಣ ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಹತ್ತಿಯ ಎಳೆ ಅದರ ಐದಾರು ಪಟ್ಟಾದರೂ ದಪ್ಪ. ಒದ್ದೆ ಕೆಸರನ್ನು ತಿಕ್ಕಿದರೆ ಈ ಕಣಗಳನ್ನು ನಾವೇ ಎಳೆಗಳ ಸಂದಿಗೆ ತುರುಕಿದ ಹಾಗಾಗುತ್ತದೆ. ಸಾಂಬಾರಿನಲ್ಲಿ ಆತುರ ಬೇಕು, ಕೆಸರಿನಲ್ಲಿ ತಾಳ್ಮೆ. ಒಣಗಲು ಬಿಟ್ಟು, ಕೊಡವಿ, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉದುರಿಸಿ, ಆಮೇಲೆ ನೀರಿಗೆ ಹಾಕಬೇಕು.

ಕೆಮ್ಮಣ್ಣಿಗೆ ಬ್ಲೀಚ್ ಹಾಕುವುದು ವ್ಯರ್ಥ. ಬ್ಲೀಚು ಬಣ್ಣದ ಅಣುವಿಗೆ ಆಮ್ಲಜನಕ ತಗಲಿಸಿ ಅದನ್ನು ಕೆಡಿಸುತ್ತದೆ. ತುಕ್ಕಿಗೆ ಈಗಾಗಲೇ ಆಮ್ಲಜನಕ ತಗಲಿ ಆಗಿದೆ, ಅದಕ್ಕೆ ಇನ್ನು ಆಗಬೇಕಾದ್ದು ಏನೂ ಇಲ್ಲ. ಕಬ್ಬಿಣದ ಅಂಶವಿರುವ ಬೋರ್‌ವೆಲ್ ನೀರಿನಲ್ಲಿ ಬ್ಲೀಚ್ ಹಾಕಿದರಂತೂ ನೀರಿನಲ್ಲಿ ಕರಗಿದ್ದ ಬಣ್ಣವಿಲ್ಲದ ಕಬ್ಬಿಣವೂ ತುಕ್ಕಾಗಿ ಇಡೀ ಅಂಗಿ ಮಾಸಲು ಹಳದಿಯಾಗುತ್ತದೆ. ಕೊನೆಗೆ ಉಳಿಯುವ ತೆಳು ಕೆಂಪಿಗೆ ನಮ್ಮ ಹಿತ್ತಿಲಿನಲ್ಲೇ ಮದ್ದಿದೆ: ಬಿಂಬುಳಿ. ಉಪ್ಪಿನಕಾಯಿ ಹಾಕುವ ಈ ಕಾಯಿಯ ಹುಳಿ ಬಹುಮಟ್ಟಿಗೆ ಆಕ್ಸಾಲಿಕ್ ಆಮ್ಲದ್ದು. ಆ ಆಮ್ಲ ಕಬ್ಬಿಣವನ್ನು ಅಪ್ಪಿ ಹಿಡಿದು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ. ಬಿಂಬುಳಿ ರಸ ಹಚ್ಚಿ ಕಾಲು ಗಂಟೆ ಬಿಟ್ಟು ಚೆನ್ನಾಗಿ ಜಾಲಿಸಿದರೆ ಸಾಕು. ಹಿತ್ತಾಳೆ ದೀಪ ಬೆಳಗಲು ಹಿರಿಯರು ಬಳಸುತ್ತಿದ್ದುದೂ ಈ ರಸವನ್ನೇ. ಒಂದು ಎಚ್ಚರಿಕೆ: ಬ್ಲೀಚಿನೊಂದಿಗೆ ಬಿಂಬುಳಿ, ಲಿಂಬೆ, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬಾರದು. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ.

ಖಾಕಿಯ ನೆನಪಾಗುವುದು ಇಲ್ಲೇ. ಪಾರಸಿಯಲ್ಲಿ 'ಖಾಕ್' ಎಂದರೆ ಮಣ್ಣು, ಧೂಳು. ಮಂಗಳೂರಿನ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ನೇಕಾರರು 1850ರ ದಶಕದಲ್ಲಿ ಗಿಡಮೂಲದ ಖಾಕಿ ಬಣ್ಣ ತಯಾರಿಸಿದರೆಂದು ನಮ್ಮ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕೊಳೆ ಬಿದ್ದರೂ ಕಾಣದ ಬಟ್ಟೆ ಎಂಬುದೇ ಅದರ ಗುಣ. ಹಿಂದೆ ಅನೇಕ ಶಾಲೆಗಳ ಹುಡುಗರು ಖಾಕಿ ಚಡ್ಡಿ ಹಾಕುತ್ತಿದ್ದರು, ಮುರಕಲ್ಲಿನ ಗುಡ್ಡದಲ್ಲಿ ಜಾರಿದರೂ ಮನೆಯಲ್ಲಿ ಗೊತ್ತಾಗುತ್ತಿರಲಿಲ್ಲ. ಕೆಮ್ಮಣ್ಣಿನ ಊರಿನಲ್ಲಿ, ಮಳೆಯ ತಿಂಗಳಲ್ಲಿ, ಆರು ವರ್ಷದ ಮಕ್ಕಳಿಗೆ ದುಬಾರಿ ಬೆಲೆಯ ಅಚ್ಚ ಬಿಳಿ ಬಟ್ಟೆ ಕಡ್ಡಾಯ ಮಾಡುವುದು ತಪ್ಪೆಂದು ನಾನು ಖಂಡಿತವಾಗಿ ನಂಬುತ್ತೇನೆ. ಬಟ್ಟೆ ಆರಿಸುವವರು ಊರಿನ ಮಣ್ಣನ್ನೂ ಮಳೆಯನ್ನೂ ಒಮ್ಮೆ ನೋಡಬೇಕು.

ಕಣ್ಣಿಗೆ ಕಾಣದೆ ಮನೆಗೆ ಬರುವ ಕರೆಗಳೂ ಇವೆ. ಬಾಳೆಯ ರಸ ಬೀಳುವಾಗ ನೀರಿನ ಹಾಗೆ ತಿಳಿ. ಅದರಲ್ಲಿರುವ ಫೀನಾಲ್ ವಸ್ತುಗಳು ಗಾಳಿಯ ಆಮ್ಲಜನಕ ತಾಗಿದಂತೆ ಕಂದಾಗಿ, ಹತ್ತಿಯ ಎಳೆಗೆ ಬಣ್ಣ ಹಾಕಿದ ಹಾಗೆ ಕೂತುಬಿಡುತ್ತವೆ. ಕತ್ತರಿಸಿದ ಸೇಬು ಕಪ್ಪಾಗುವುದೂ ಇದೇ ಕ್ರಮದಲ್ಲಿ. ಗುಡ್ಡೆಗೇರಿನ ಕಾಯಿಯ ರಸದಿಂದ ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಹೋಗದ ಕರೆಯೇ ಅವರ ಶಾಯಿಯಾಗಿತ್ತು. ಬಾಳೆಯ ಕರೆಯನ್ನು ಬಿದ್ದ ಕೂಡಲೇ ತೊಳೆದರೆ ಹೋದೀತು, ಮರುದಿನವಾದರೆ ಆಸೆ ಕಡಿಮೆ. ಹಲಸಿನ ಮೇಣ ಹಾಗಲ್ಲ. ಅದು ರಬ್ಬರಿನ ಜಾತಿ, ನೀರಿಗೆ ಜಗ್ಗುವುದಿಲ್ಲ, ಎಣ್ಣೆಗೆ ಸೋಲುತ್ತದೆ. ಹಲಸಿನಕಾಯಿ ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರುತ್ತೇವಲ್ಲ, ಅಂಗಿಗೂ ಅದನ್ನೇ ಮಾಡಬೇಕು. ಎಣ್ಣೆ ಹಚ್ಚಿ ಮೇಣ ಸಡಿಲಿಸಿ, ಆಮೇಲೆ ಸೋಪಿನಿಂದ ಎಣ್ಣೆ ತೆಗೆಯುವುದು. ಬಾಲ್ ಪೆನ್ನಿನ ಶಾಯಿಗೂ ನೀರು ಸಾಲದು, ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ. ಕರೆಯ ಅಡಿಗೆ ಹಳೆ ಬಟ್ಟೆ ಇಟ್ಟು, ಕೈಗೆ ಹಾಕುವ ಸ್ಯಾನಿಟೈಜರ್ ಹಚ್ಚಿ ಒತ್ತಿದರೆ ಶಾಯಿ ಕೆಳಗಿನ ಬಟ್ಟೆಗೆ ಇಳಿಯುತ್ತದೆ.

ಇನ್ನೊಂದು ಕರೆಯ ಬಗ್ಗೆ ಮನೆಗಳಲ್ಲಿ ಮಾತೇ ಆಡುವುದಿಲ್ಲ. ಹನ್ನೊಂದು-ಹನ್ನೆರಡರ ಹುಡುಗಿಯರು ತಿಂಗಳ ಆ ದಿನಗಳಲ್ಲಿ ಬಿಳಿ ಅಥವಾ ತಿಳಿ ಬಣ್ಣದ ಲಂಗಕ್ಕೆ ಹೆದರುವಷ್ಟು ಪರೀಕ್ಷೆಗೂ ಹೆದರುವುದಿಲ್ಲ. ಬೆಂಚಿನಿಂದ ಏಳದೆ ಕೂತ ಹುಡುಗಿಯರನ್ನು ನನ್ನ ಶಾಲೆಯ ದಿನಗಳಲ್ಲಿ ನಾನೂ ಕಂಡಿದ್ದೇನೆ. ರಕ್ತದ ಕರೆ ತೆಗೆಯುವುದು ಕಷ್ಟವೇನಲ್ಲ, ಬಿಸಿನೀರು ಹಾಕದಿದ್ದರೆ. ಕುದಿಯುವ ನೀರಿನಲ್ಲಿ ಮೊಟ್ಟೆ ಗಟ್ಟಿಯಾಗುವ ಹಾಗೆ ರಕ್ತದ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಎಳೆಗೆ ಅಂಟಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಹಾಕಿದರೆ ಬಹುಪಾಲು ಬಿಟ್ಟುಕೊಡುತ್ತದೆ. ಉಳಿದದ್ದಕ್ಕೆ ಕಿಣ್ವ ಇರುವ ಡಿಟರ್ಜೆಂಟ್ ಪುಡಿ ಒಳ್ಳೆಯದು. ನಮ್ಮ ಹೊಟ್ಟೆಯಲ್ಲಿ ಆಹಾರದ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳ ಜಾತಿಯದೇ ಅಲ್ಲಿಯೂ ಕೆಲಸ ಮಾಡುವುದು. ಜರ್ಮನಿಯ ಒಟ್ಟೊ ರೋಮ್ 1913ರಲ್ಲೇ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ಬೆರೆಸಿ ಬಟ್ಟೆ ಒಗೆಯುವ ಪುಡಿಗೆ ಪೇಟೆಂಟ್ ಪಡೆದಿದ್ದ. ಈಗ ಬ್ಯಾಕ್ಟೀರಿಯಾಗಳಿಂದ ಕಿಣ್ವ ತೆಗೆಯುತ್ತಾರೆ. ಬಿಳಿ ಬಟ್ಟೆಯಾದರೆ ಮೆಡಿಕಲ್ ಶಾಪಿನ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಎರಡು ಹನಿ ಹಾಕಬಹುದು. ರಕ್ತದಲ್ಲಿರುವ ಕೆಟಲೇಸ್ ಎಂಬ ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ನೊರೆ ಏಳುವುದು ಆ ಆಮ್ಲಜನಕದಿಂದ.

ಕರೆ ಹೋದರೂ, ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಬಟ್ಟೆ ಒಣಗುವುದಿಲ್ಲ. ಎರಡು ದಿನ ಒದ್ದೆಯಾಗಿಯೇ ಇದ್ದ ಅಂಗಿಯ ಮುಗ್ಗಲು ವಾಸನೆಗೆ ಮೊರಾಕ್ಸೆಲ್ಲಾ ಆಸ್ಲೊಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಅದು ಮೈಯ ಜಿಡ್ಡನ್ನು ತಿಂದು ವಾಸನೆಯ ಆಮ್ಲ ಬಿಡುತ್ತದೆ. ಕಾಲರಿನ ಹತ್ತಿರ ಮೂಡುವ ಕಪ್ಪು ಚುಕ್ಕೆಗಳು ಬೂಷ್ಟು. ಒಮ್ಮೆ ಎಳೆಯೊಳಗೆ ಬೇರು ಬಿಟ್ಟರೆ ಅದನ್ನು ಬಣ್ಣದ ಬಟ್ಟೆಯಿಂದ ಬಿಡಿಸುವುದು ಬಹಳ ಕಷ್ಟ. ಶಾಲೆಯಿಂದ ಬಂದ ಒದ್ದೆ ಬಟ್ಟೆಯನ್ನು ಬ್ಯಾಗಿನಲ್ಲಿ, ಬುಟ್ಟಿಯಲ್ಲಿ ಮುದ್ದೆಯಾಗಿ ಬಿಡದೆ ಕೂಡಲೇ ಹರಡಬೇಕು. ಫ್ಯಾನಿನ ಗಾಳಿಯೂ ಹಂಡೆ ಒಲೆಯ ಬಿಸಿಯೂ ಈ ತಿಂಗಳಲ್ಲಿ ನಮಗೆ ಬಿಸಿಲಿನ ಬದಲಿ.

ಕರೆಯ ವಿಚಾರದಲ್ಲಿ ಮೊದಲ ಐದು ನಿಮಿಷ ತುಂಬ ಮುಖ್ಯ. ಆ ಐದು ನಿಮಿಷ ಮಗು ಇರುವುದು ಶಾಲೆಯಲ್ಲಿ, ನಾವು ಇರುವುದು ಮನೆಯಲ್ಲಿ. ಬೈಗುಳಕ್ಕೆ ಹೆದರಿದ ಮಗು ಕರೆಯನ್ನು ಸಂಜೆಯವರೆಗೆ ಬ್ಯಾಗ್ ಅಡ್ಡ ಹಿಡಿದು ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಎಣ್ಣೆ ಇಳಿದಿರುತ್ತದೆ, ರಕ್ತ ಒಣಗಿರುತ್ತದೆ, ಬಾಳೆಯ ರಸ ಕಂದಾಗಿರುತ್ತದೆ. ಮಗಳಿಗೆ ಹೇಳಿಕೊಟ್ಟಿದ್ದೇನೆ: ಊಟ, ಶಾಯಿ, ರಕ್ತ ಏನೇ ಆದರೂ ತಿಕ್ಕದೆ ಕರ್ಚೀಫಿನಿಂದ ಒತ್ತಿ ತೆಗೆದು ನಲ್ಲಿಯ ತಣ್ಣೀರು ಬಿಡು, ಕೆಸರಾದರೆ ಮುಟ್ಟದೆ ಮನೆಗೆ ಬಾ. ಕಳೆದ ಪೋಷಕರ ಸಭೆಯಲ್ಲಿ ನಾನು ಕೇಳಿದ್ದು ಎರಡೇ. ಕೈತೊಳೆಯುವ ನಲ್ಲಿಯ ಬಳಿ ಒಂದು ಬಾಟಲಿ ಪಾತ್ರೆ ಸೋಪು. ಟೀಚರುಗಳ ಕೋಣೆಯ ಕಪಾಟಿನಲ್ಲಿ, ಯಾವ ಹುಡುಗಿಯೂ ಕಾರಣ ಹೇಳದೆ ಕೇಳಿ ಪಡೆಯಬಹುದಾದ ನಾಲ್ಕು ಕಡುನೀಲಿ ಲಂಗಗಳು. ಮಗಳಿಗೆ ಗಿಡ್ಡವಾದ ಹಳೆಯ ಒಂದನ್ನು ಒಗೆದು ಇಸ್ತ್ರಿ ಮಾಡಿ ಆಗಲೇ ಕೈಚೀಲದಲ್ಲಿ ತಂದಿದ್ದೆ.